1:3 ಶಿಲುಬೆ ಮಾದರಿ: ಹೆಗಲು ಮುಗಿಯಿತು, ಹಿಮ್ಮಡಿ ಬಾಕಿ

ಶಿಲುಬೆಗೇರಿದ ಯೇಸುವಿನ ಆಕೃತಿ, ನಿಜ ಅಳತೆಯ ಮೂರನೇ ಒಂದು. ಎತ್ತರ 56 ಸೆಂ.ಮೀ. ಒಳಹಂದರಕ್ಕೆ 3 ಮಿ.ಮೀ. ಅಲ್ಯುಮಿನಿಯಂ ತಂತಿ, ಎರಡೆಳೆ ಹೊಸೆದದ್ದು. ಮೇಲೆ ಎಣ್ಣೆ ಕಲಸಿದ ಮಾಡೆಲಿಂಗ್ ಕ್ಲೇ.

ಹಿಂದಿನ ಸಲ ಕೆಟ್ಟಿದ್ದು ಹೆಗಲು. ಕೈ ಇಳಿಬಿಟ್ಟು ನಿಂತವನ ಮುಂಡ ಮಾಡಿ, ತೋಳನ್ನಷ್ಟೇ ಮೇಲೆತ್ತಿ ಅಂಟಿಸಿದಂತೆ ಕಾಣುತ್ತಿತ್ತು. ಎಷ್ಟೋ ಶಿಲುಬೆ ಪ್ರತಿಮೆಗಳ ತಪ್ಪೂ ಇದೇ. ಮೊಳೆ ಅಂಗೈಗೋ ಮಣಿಕಟ್ಟಿಗೋ ಎಂದು ಜಗಳವಾಡುವವರು ಕಂಕುಳ ಕಡೆ ನೋಡುವುದೇ ಇಲ್ಲ. ತೋಳು ಮೂರು ಡಿಗ್ರಿ ಏರಿದರೆ ಅದರಲ್ಲಿ ಸುಮಾರು ಎರಡು ಹೆಗಲ ಕೀಲಿನದು, ಒಂದು ಬೆನ್ನಿನ ಹೆಗಲೆಲುಬಿನದು. ಇಲ್ಲಿ ತೋಳು ಇಳಿಬಿಟ್ಟ ಸ್ಥಿತಿಯಿಂದ 115 ಡಿಗ್ರಿ ಎತ್ತಿದೆ. ಅಂದರೆ ಹೆಗಲೆಲುಬು ಸುಮಾರು 38 ಡಿಗ್ರಿ ತಿರುಗಿ, ಅದರ ಕೆಳತುದಿ ಪಕ್ಕೆಯ ಕಡೆ ಸರಿಯಬೇಕು. ಕೊರಳೆಲುಬು ಮೇಲ್ಮುಖವಾಗಬೇಕು, ಎದೆಯ ಸ್ನಾಯು ಪಟ್ಟಿಯಂತೆ ಬಿಗಿಯಬೇಕು. ಆದ್ದರಿಂದ ಈಗ ತಂತಿಯನ್ನು ಬಗ್ಗಿಸಿದ್ದು ಹೆಗಲಲ್ಲಿ ಅಲ್ಲ, ಕೊರಳೆಲುಬು ಎದೆಮೂಳೆಗೆ ಸೇರುವಲ್ಲಿ. ಹೆಗಲೆಲುಬನ್ನು 2 ಮಿ.ಮೀ. ಹಾಳೆಯಾಗಿ ಬೇರೆ ಕತ್ತರಿಸಿ, ಪಕ್ಕೆಲುಬಿನ ಮೇಲೆ ಕೂರಿಸಿ, ಆಮೇಲೆ ಸ್ನಾಯು ಹಚ್ಚಿದ್ದು.

ಹೋಲಿಸಿ ನೋಡಲು ಲಂಡನ್ನಿನ ರಾಯಲ್ ಅಕಾಡೆಮಿಯ 1801ರ ಪ್ಲಾಸ್ಟರ್ ಅಚ್ಚು ಇದೆ. ಶಿಲುಬೆ ಚಿತ್ರ, ಪ್ರತಿಮೆಗಳಲ್ಲಿ ದೇಹದ ಭಂಗಿ ತಪ್ಪು ಎಂಬ ವಾದ ತೀರಿಸಲೆಂದು ಶಿಲ್ಪಿ ಥಾಮಸ್ ಬ್ಯಾಂಕ್ಸ್, ಚಿತ್ರಕಾರರಾದ ಬೆಂಜಮಿನ್ ವೆಸ್ಟ್ ಮತ್ತು ರಿಚರ್ಡ್ ಕಾಸ್ವೇ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ನೆರವಿನಿಂದ, ನೇಣಿಗೇರಿದ ಜೇಮ್ಸ್ ಲೆಗ್‌ನ ಶವವನ್ನು ಶಿಲುಬೆಗೆ ಹೊಡೆಸಿ, ಚರ್ಮ ಸುಲಿಸಿ ಅಚ್ಚು ತೆಗೆದರು. ಮುಂಡ ಜೋತು ಬೀಳುವ ಬಗೆಗೆ ಅದನ್ನು ನಂಬಬಹುದು. ಸ್ನಾಯುವಿನ ಬಿಗಿತಕ್ಕೆ ಬೇಡ, ಅದು ಹೆಣ.

ಕೈಯ ಮೊಳೆ: 70 ಕೆ.ಜಿ. ಆಳು ಕಾಲಿಗೆ ಆಸರೆಯಿಲ್ಲದೆ ನೇತಾಡಿದರೆ, ತೋಳುಗಳು ಮೇಲ್ಮುಖ ಲಂಬದಿಂದ 65 ಡಿಗ್ರಿ ಚಾಚಿದಾಗ ಒಂದೊಂದರ ಮೇಲೂ ಸುಮಾರು 83 ಕೆ.ಜಿ. ಎಳೆತ. ಅಂಗೈ ಹರಿಯುತ್ತದೆ ಎಂದ ಫ್ರೆಂಚ್ ಶಸ್ತ್ರವೈದ್ಯ ಪಿಯರ್ ಬಾರ್ಬೆ ಲೆಕ್ಕ ಈ ದಾರಿಯದು. ಪಾದಕ್ಕೂ ಮೊಳೆ ಬಿದ್ದರೆ ಭಾರ ಹಂಚಿಹೋಗುತ್ತದೆ, ಲೆಕ್ಕ ಸಡಿಲವಾಗುತ್ತದೆ. ಸುವಾರ್ತೆಗಳ ಮೂಲ ಭಾಷೆ ಗ್ರೀಕಿನಲ್ಲಿ ಕೈಗಿರುವ ಪದ ಮಣಿಕಟ್ಟನ್ನೂ ಒಳಗೊಳ್ಳುತ್ತದಾದ್ದರಿಂದ ಇಲ್ಲಿ ಮೊಳೆ ಮಣಿಕಟ್ಟಿಗೇ.

ಪಾದದ ವಿಷಯದಲ್ಲಿ ಊಹೆ ಬೇಕಿಲ್ಲ, ಮೂಳೆಯೇ ಇದೆ. 1968ರಲ್ಲಿ ಜೆರುಸಲೇಮಿನ ಗಿವತ್ ಹಮಿವ್ತಾರ್‌ನಲ್ಲಿ ಸಿಕ್ಕ, ರೋಮನ್ನರ ಕಾಲದಲ್ಲಿ ಶಿಲುಬೆಗೇರಿದ ಯೆಹೋಹನನ್ ಎಂಬವನ ಬಲ ಹಿಮ್ಮಡಿಗೆ 11.5 ಸೆಂ.ಮೀ. ಮೊಳೆ ಹೊರಪಕ್ಕದಿಂದ ಹೊಕ್ಕಿದೆ. ಮೊಳೆತಲೆಗೂ ಮೂಳೆಗೂ ನಡುವೆ ಮರದ ತುಣುಕು, ಪಾದ ಕಿತ್ತು ಬರದಿರಲೆಂದು. ತುದಿ ಬಾಗಿದ್ದಕ್ಕೇ ಮೊಳೆ ಮೂಳೆಯಲ್ಲಿ ಉಳಿಯಿತು. ಒಂದರ ಮೇಲೊಂದು ಪಾದವಿಟ್ಟು ಒಂದೇ ಮೊಳೆ ಹೊಡೆಯುವ ಭಂಗಿ ಕಲೆಯಲ್ಲಿ ರೂಢಿಯಾದದ್ದು 13ನೇ ಶತಮಾನದಿಂದೀಚೆಗೆ.

ನಮ್ಮ ಅಳತೆಗೆ ಮೊಳೆ 3.8 ಸೆಂ.ಮೀ. ಹಾಗೇ ಒತ್ತಿದರೆ ಹಿಮ್ಮಡಿ ಉಬ್ಬಿ ಸೀಳುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ 2 ಮಿ.ಮೀ. ಡ್ರಿಲ್ ಬಿಟ್‌ನಿಂದ ರಂಧ್ರ ಕೊರೆದರೆ ಅಂಚು ಚೊಕ್ಕ. ಈಗಿನ ತೊಡಕು ಕಂಬದ್ದು: ಮೊಳೆ ಹೊರಪಕ್ಕದಿಂದ ಹೊಗಲು ಪಾದಗಳು ಕಂಬದ ಎರಡೂ ಬದಿಗೆ ಬರಬೇಕು, ಆದರೆ 9 ಸೆಂ.ಮೀ. ಅಗಲಕ್ಕೆ ಹಾಗಿಟ್ಟರೆ ಮೊಣಕಾಲು ಕಪ್ಪೆಯಂತೆ ಅಗಲುತ್ತದೆ. ಹತ್ತರಿ ಹೊಡೆದು 6ಕ್ಕೆ ಇಳಿಸಿದ ಮೇಲೆ ಎಡಪಾದ.