ಕಾಟರಿ ಪೆಡಲ್ ಒತ್ತಿದಾಗ ಕಪ್ಪಾದ ಪರದೆ

ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಬಯೋಮೆಡಿಕಲ್ ಕೆಲಸ ನನ್ನದು. ವೆಂಟಿಲೇಟರ್, ಆಟೋಕ್ಲೇವ್, ಆಪರೇಷನ್ ಥಿಯೇಟರ್ (ಓ.ಟಿ.) ದೀಪ, ಯಾವುದು ಕೆಟ್ಟರೂ ಮೊದಲ ಫೋನ್ ನನಗೇ. ಹೋದ ಮಳೆಗಾಲದಲ್ಲಿ ಬಂದ ಒಂದು ಫೋನ್ ಮರೆಯಲಾರೆ. "ಬೇಗ ಬಾಣ್ಣ, ಸ್ಕ್ರೀನ್ ಹೋಗ್ತಾ ಬರ್ತಾ ಐತೆ, ಕೇಸು ನಡೀತಾ ಐತೆ" ಅಂದರು ಓ.ಟಿ. ಸಿಸ್ಟರ್.

ಪಿತ್ತಕೋಶ ತೆಗೆಯುವ ಲ್ಯಾಪರೋಸ್ಕೋಪಿ ಅದು. ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು, ಒಂದರೊಳಗೆ ಕ್ಯಾಮೆರಾ. ಡಾಕ್ಟರ ಕಣ್ಣು ಪೂರ್ತಿ ಎದುರಿನ ಪರದೆಯ ಮೇಲೆಯೇ. ಗೌನು ಹಾಕಿಕೊಂಡು ಬಾಗಿಲ ಬಳಿ ನಿಂತೆ. ಅವರು ಅಂಗಾಂಶ ಸುಡುವ ಯಂತ್ರದ, ಅಂದರೆ ಕಾಟರಿಯ ಪೆಡಲ್ ಒತ್ತಿದರು. ಚಿತ್ರದ ತುಂಬ ಬಿಳಿ ಚುಕ್ಕೆ ಮಿಣುಕಿ, ಪರದೆ ಕಪ್ಪಾಯಿತು. ಮನಸ್ಸಿನಲ್ಲೇ ಎಣಿಸಿದೆ, ಎರಡು ಸೆಕೆಂಡು. ಅಷ್ಟು ಹೊತ್ತೂ ಡಾಕ್ಟರ ಕೈ ಇದ್ದಲ್ಲೇ ಇತ್ತು. ಚಿತ್ರ ಮರಳಿದ ಮೇಲೆ ತಿರುಗದೆಯೇ ಹೇಳಿದರು: "ಕಣ್ಣು ಕಟ್ಟಿ ಬಾವಿಗಿಳಿಸಿದಂಗೆ ಆಗ್ತದಪ್ಪ." ಟ್ರಾಲಿಯ ಮೇಲಿದ್ದ ಸಣ್ಣ ಮಾನಿಟರಿಗೆ ತೊಂದರೆ ಇರಲಿಲ್ಲ. ಅದನ್ನು ನೋಡಿಕೊಂಡೇ ಕೇಸು ಮುಗಿಸಿದರು. ರೋಗಿ ಚೆನ್ನಾಗಿಯೇ ಮನೆಗೆ ಹೋದರು.

ಆ ರಾತ್ರಿ ಫಾಲ್ಸ್ ಸೀಲಿಂಗ್ ಬಿಚ್ಚಿದೆ. ಕ್ಯಾಮೆರಾ ಪೆಟ್ಟಿಗೆಯಿಂದ ಗೋಡೆಯ ದೊಡ್ಡ ಪರದೆಗೆ ಚಿತ್ರ ಸಾಗಿಸುವ 15 ಮೀಟರ್ ತಾಮ್ರದ ಎಚ್‌ಡಿಎಂಐ ಕೇಬಲ್, ನಡುವೆ ಸಂಕೇತಕ್ಕೆ ಬಲ ಕೊಡುವ ಒಂದು ಬೂಸ್ಟರ್ ಡಬ್ಬಿ. ಕೇಬಲ್ಲನ್ನು ಕರೆಂಟ್ ವೈರಿಗೇ ಟೈ ಹಾಕಿ ಬಿಗಿದಿದ್ದರು. ಕ್ಯಾಮೆರಾ ಹೊಸದು, 4ಕೆ. ಕೇಬಲ್ ಮಾತ್ರ ಹಳೆಯದು.

4ಕೆ ಚಿತ್ರ ಅಂದರೆ 3840ಕ್ಕೆ 2160, ಸುಮಾರು 83 ಲಕ್ಷ ಚುಕ್ಕೆ. ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 60 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 1,200 ಕೋಟಿ ಬಿಟ್. ಬರೀ ತಾಮ್ರ ಇಷ್ಟು ಹೊರೆಯನ್ನು ಐದಾರು ಮೀಟರ್ ಹೊರುತ್ತದೆ, ಆಮೇಲೆ ಸೋಲುತ್ತದೆ. ಅದರ ಮೇಲೆ ಕಾಟರಿ. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ಕರೆಂಟಿನಿಂದ ಅಂಗಾಂಶ ಸುಡುವ ಯಂತ್ರ. ಅದರ ಕಿಡಿ ರೇಡಿಯೋ ಗದ್ದಲವನ್ನು ಸುತ್ತಲೂ ಚೆಲ್ಲುತ್ತದೆ, ಉದ್ದನೆಯ ತಾಮ್ರದ ತಂತಿ ಅದಕ್ಕೆ ಆಂಟೆನಾ ಆಗುತ್ತದೆ. ಬಿಟ್ಟುಗಳು ಕೆಟ್ಟು ಪರದೆ ಲಯ ತಪ್ಪುತ್ತದೆ. ಮತ್ತೆ ಹಿಡಿದುಕೊಳ್ಳಲು ಆ ಎರಡು ಸೆಕೆಂಡು.

ಅದಕ್ಕೇ ತಾಮ್ರದ ಬದಲು ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್ ಹಾಕೋಣ ಅಂದುಕೊಂಡೆ. ಗಾಜಿನ ಎಳೆಗೆ ಈ ಗದ್ದಲ ತಟ್ಟುವುದೇ ಇಲ್ಲ, ಅದರೊಳಗೆ ಹೋಗುವುದು ಬೆಳಕು. ನಾವು ಹಾಕಿದ್ದು ಮಲ್ಟಿಮೋಡ್ ಅನ್ನುವ ಬಗೆ: ಬೆಳಕು ಸಾಗುವ ತಿರುಳು 50 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಗಾಜಿನ ಹೊದಿಕೆ ಸೇರಿ 125. ನನ್ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿದವಳು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಇದಕ್ಕಿಂತಲೂ ಸಣ್ಣ ಎಳೆಯನ್ನು ಬೆರಳ ತುದಿಯಲ್ಲೇ ಹುಡುಕಿ ಹಿಡಿಯುತ್ತಿದ್ದಳು. ಎಳೆಯನ್ನು ಜಗ್ಗಬಾರದು, ಮುರಿಯುವಂತೆ ಮಡಿಸಬಾರದು ಅನ್ನುವುದು ನನ್ನ ಕೈಗೆ ಅಲ್ಲಿಂದಲೇ ಬಂದದ್ದು.

ಆದರೂ ಮೊದಲ ಸಲ ತಪ್ಪಿದೆ. ಬೆಂಗಳೂರಿನಿಂದ 'ಫೈಬರ್ ಎಚ್‌ಡಿಎಂಐ' ಅಂತ ತರಿಸಿದ ಕೇಬಲ್ಲಿನಲ್ಲಿ ಚಿತ್ರಕ್ಕೆ ನಾಲ್ಕು ಗಾಜಿನ ಎಳೆ ಇದ್ದವು ನಿಜ. ಆದರೆ ಪರದೆ ಮತ್ತು ಕ್ಯಾಮೆರಾ ಪರಸ್ಪರ ಗುರುತು ಹೇಳಿಕೊಳ್ಳುವ ಸಂಕೇತಕ್ಕೆ, ಕೇಬಲ್ಲಿನ ತುದಿಗಳಿಗೆ ಕರೆಂಟು ಕೊಡುವುದಕ್ಕೆ ಒಳಗೆ ತಾಮ್ರವೂ ಇತ್ತು. ಚಿತ್ರ ಸುಧಾರಿಸಿತು, ಆದರೂ ಅಪರೂಪಕ್ಕೊಮ್ಮೆ ಮಿಣುಕುತ್ತಿತ್ತು. ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಿ: ಒಳಗೆ ಲೋಹ ಇದೆಯೋ ಇಲ್ಲವೋ. ಇಂಥ ಕೇಬಲ್ಲಿಗೆ ದಿಕ್ಕೂ ಉಂಟು. ಕ್ಯಾಮೆರಾ ಕಡೆಯ ತುದಿ ಪರದೆ ಕಡೆಗೆ ಹೋದರೆ ಚಿತ್ರವೇ ಬರುವುದಿಲ್ಲ.

ಈಗ ಇರುವುದು ಪೂರ್ತಿ ಗಾಜು. ಕ್ಯಾಮೆರಾ ಪಕ್ಕ ಒಂದು ಟ್ರಾನ್ಸ್‌ಮಿಟರ್, ಪರದೆ ಹಿಂದೆ ಒಂದು ರಿಸೀವರ್, ಎರಡಕ್ಕೂ ಬೇರೆ ಬೇರೆ ಪವರ್. ಎರಡು ಯಂತ್ರಗಳನ್ನು ಜೋಡಿಸುವ ಲೋಹವೇ ಇಲ್ಲದ್ದರಿಂದ ಆ ದಾರಿಯಲ್ಲಿ ಸೋರಿಕೆ ಕರೆಂಟು ರೋಗಿಯ ಕಡೆ ಬರಲಾರದು. ನನಗೆ ಚಿತ್ರದ ಅಂದಕ್ಕಿಂತ ದೊಡ್ಡ ಲಾಭ ಇದೇ.

"ಡಬ್ಬಿ ಜಾಸ್ತಿಯಾದ್ರೆ ಚಿತ್ರ ತಡ ಆಗಲ್ವೇನಪ್ಪಾ?" ಅಂತ ಡಾಕ್ಟರು ಕೇಳಿದರು. ಸರಿಯಾದ ಪ್ರಶ್ನೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ; 15 ಮೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ತಡ ಮಾಡುವುದು ಚಿತ್ರದ ಬಿಟ್ಟುಗಳನ್ನು ಕುಗ್ಗಿಸಿ, ಆಚೆ ತುದಿಯಲ್ಲಿ ಮತ್ತೆ ಬಿಚ್ಚುವ ಲೆಕ್ಕಾಚಾರ. ಅದಕ್ಕೇ ಕುಗ್ಗಿಸಿ ನೆಟ್‌ವರ್ಕಿನಲ್ಲಿ ಕಳಿಸುವ ವಿಡಿಯೋ ಪಾಠದ ಕೋಣೆಗೆ ಇರಲಿ, ಡಾಕ್ಟರು ನೋಡಿ ಕತ್ತರಿ ಆಡಿಸುವ ಪರದೆಗೆ ಬೇಡ ಎಂದು ಹಟ ಹಿಡಿದೆ.

ಹಾಗೆ ನೋಡಿದರೆ ಓ.ಟಿ.ಗೆ ಗಾಜಿನ ಎಳೆ ಹೊಸದಲ್ಲ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಗಾಜಿನ ಎಳೆಗಳ ಕಂತೆಯಲ್ಲಿ ಚಿತ್ರ ಸಾಗಿಸಿದ್ದನ್ನು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಲ್ಯಾಪರೋಸ್ಕೋಪಿಯ ಲೈಟ್ ಕೇಬಲ್ ಇವತ್ತಿಗೂ ಅಂಥ ಕಂತೆಯೇ. ಅದರ ಒಂದು ತುದಿಯನ್ನು ಕಿಟಕಿಗೆ ಹಿಡಿದು ಇನ್ನೊಂದು ತುದಿ ನೋಡಿ. ಕಾಣುವ ಒಂದೊಂದು ಕಪ್ಪು ಚುಕ್ಕೆಯೂ ಮುರಿದ ಒಂದೊಂದು ಎಳೆ. ವಿಡಿಯೋ ಫೈಬರಿನ ತುದಿಯನ್ನು ಮಾತ್ರ ಹೀಗೆ ನೋಡಬಾರದು. ಅದರ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಕಣ್ಣಿಗೆ ಒಳ್ಳೆಯದೂ ಅಲ್ಲ.

ಇದರ ಶತ್ರು ಧೂಳು. 50 ಮೈಕ್ರಾನ್ ತಿರುಳಿಗೆ ಒಂದು ಕಣ ಅಡ್ಡ ಬಂದರೂ ಬೆಳಕು ಕುಗ್ಗುತ್ತದೆ. ಕನೆಕ್ಟರ್ ಬಿಚ್ಚಿದರೆ ತಕ್ಷಣ ಕ್ಯಾಪ್, ಮತ್ತೆ ಹಾಕುವ ಮೊದಲು ಕ್ಲೀನಿಂಗ್ ಪೆನ್ನಿನ ಒಂದು ಕ್ಲಿಕ್. ನಮ್ಮ ಓ.ಟಿ. ಹುಡುಗರಿಗೆ ಇದನ್ನು ಕೈ ಹಿಡಿದು ಕಲಿಸಿದ್ದೇನೆ.

ಮೊದಲ ಓ.ಟಿ.ಯಲ್ಲಿ ಆಮೇಲೆ ಪರದೆ ಒಮ್ಮೆಯೂ ಕಪ್ಪಾಗಿಲ್ಲ. ಎರಡನೆಯದರಲ್ಲಿ ಇನ್ನೂ ತಾಮ್ರವೇ ಇದೆ. ಕೊಟೇಶನ್ ಆಡಳಿತದವರ ಮೇಜಿನ ಮೇಲಿದೆ, ನಾಳೆ ಮತ್ತೆ ಹೋಗಿ ಕೇಳುತ್ತೇನೆ.