ನೋವಿಲ್ಲದ ದಿನ ಡಾಕ್ಟರ್ ಮುಂದೆ

ತಲೆನೋವು ಇರುವ ದಿನ ನಾನು ಡಾಕ್ಟರ್ ಹತ್ತಿರ ಹೋಗುವುದಿಲ್ಲ. ಹೋಗಲು ಆಗುವುದಿಲ್ಲ. ಕಣ್ಣು ಬಿಟ್ಟರೆ ಬೆಳಕು ಚುಚ್ಚುತ್ತದೆ, ಎದ್ದು ನಿಂತರೆ ವಾಂತಿ, ಆಟೋ ಒಂದೊಂದು ಹಂಪ್ ಹತ್ತಿ ಇಳಿದಾಗಲೂ ಎಡಗಣ್ಣಿನ ಹಿಂದೆ ಒಂದೊಂದು ಏಟು. ಆ ಸ್ಥಿತಿಯಲ್ಲಿ ಟ್ಯೂಬ್‌ಲೈಟ್ ಉರಿಯುವ, ಫಿನಾಯಿಲ್ ವಾಸನೆಯ ವರಾಂಡದಲ್ಲಿ ಚೀಟಿ ಹಿಡಿದು ಕೂರುವುದು ಯಾರ ಕೈಲಾಗುತ್ತದೆ? ಹಾಗಾಗಿ ನೋವೆಲ್ಲ ಇಳಿದ ಮೇಲೆ, ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೋಗುತ್ತೇನೆ. ಡಾಕ್ಟರ್ ಕಣ್ಣಿಗೆ ಬೀಳುವುದು ಗಟ್ಟಿಮುಟ್ಟಾದ ಹೆಂಗಸು. ಬಿಪಿ ಸರಿಯಾಗಿದೆ. "ಏನೂ ತೊಂದರೆ ಇಲ್ಲಮ್ಮ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಅನ್ನುತ್ತಾರೆ. ಅವರ ಕಡೆಯಿಂದ ನೋಡಿದರೆ ಅದೂ ನ್ಯಾಯವೇ.

ನಾನು ತಿಪಟೂರಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಮೈಗ್ರೇನ್ ಕಾಲೇಜಿನ ದಿನಗಳಿಂದ ಇದೆ. ಅದು ಬರುವ ಸೂಚನೆ ನನಗಿಂತ ಮೊದಲು ಮನೆಯವರಿಗೆ ಗೊತ್ತಾಗುತ್ತದೆ. ಹಿಂದಿನ ದಿನವೇ ಆಕಳಿಕೆ ಮೇಲೆ ಆಕಳಿಕೆ, ಬೆಲ್ಲ ಹುಡುಕಿಕೊಂಡು ಡಬ್ಬಿಗಳನ್ನು ತಡಕಾಡುವುದು. "ನಾಳೆ ನಿನಗೆ ರಜಾನೇ" ಅನ್ನುತ್ತಾರೆ ನಮ್ಮ ಯಜಮಾನರು. ಮಾರನೇ ದಿನ ಲೆಡ್ಜರ್ ನೋಡುತ್ತಿದ್ದಂತೆ ಸಾಲಿನ ನಡುವೆ ಒಂದು ಅಂಕಿ ಮಾಯ. ಆಚೀಚೆಯ ಅಂಕಿಗಳು ಕಾಣುತ್ತವೆ, ಅದೊಂದು ಕಾಣುವುದಿಲ್ಲ. ಆ ಖಾಲಿ ಜಾಗದ ಅಂಚಿನಲ್ಲಿ ಜಾತ್ರೆಯ ಸೀರಿಯಲ್ ಸೆಟ್ ಹಾಗೆ ಮಿಣಮಿಣ ಅನ್ನುವ ಅಂಕುಡೊಂಕು ಗೆರೆ ಹುಟ್ಟಿ ನಿಧಾನವಾಗಿ ಹರಡುತ್ತದೆ. ಇದಕ್ಕೆ ಆರಾ ಅನ್ನುತ್ತಾರೆ. ಮೈಗ್ರೇನ್ ಇರುವ ಎಲ್ಲರಿಗೂ ಬರುವುದಿಲ್ಲ, ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ ಬರಬಹುದು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಅದು ಮುಗಿಯುತ್ತದೆ. ಆಮೇಲೆ ನೋವು. ಔಷಧಿ ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆವರೆಗೆ ಇರುತ್ತದೆ ಅಂತ ವೈದ್ಯಕೀಯ ಲೆಕ್ಕ. ನನ್ನ ತಲೆ ಆ ಎರಡನೇ ಅಂಕಿಯನ್ನೇ ಇಷ್ಟಪಡುತ್ತದೆ.

ಇಷ್ಟನ್ನು ಈಗ ಸಲೀಸಾಗಿ ಹೇಳುತ್ತಿದ್ದೇನೆ. ಆಗ ಯಾರೂ ಕೇಳಿರಲಿಲ್ಲ. ಕಣ್ಣಿನ ಡಾಕ್ಟರ್ ಕನ್ನಡಕ ಕೊಟ್ಟರು. ಕಿವಿ ಮೂಗು ಗಂಟಲಿನವರು ಎಕ್ಸ್‌ರೇ ತೆಗೆಸಿ ಸೈನಸ್ ಅಂದರು, ಹಬೆ ತೆಗೆದುಕೊಳ್ಳಲು ಹೇಳಿದರು. ಮೈಗ್ರೇನ್ ಬಂದಾಗ ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು ಸಾಮಾನ್ಯ, ಅದರಿಂದಲೇ ಈ ಗೊಂದಲ. ಅಮೆರಿಕದಲ್ಲಿ ತಮಗೆ ಸೈನಸ್ ತಲೆನೋವು ಅಂದುಕೊಂಡಿದ್ದ ಸುಮಾರು 3,000 ಜನರನ್ನು ಪರೀಕ್ಷಿಸಿದಾಗ 88% ಜನರದ್ದು ಮೈಗ್ರೇನ್ ಲಕ್ಷಣವೇ ಆಗಿತ್ತು ಅಂತ 2004ರಲ್ಲಿ ಒಂದು ಅಧ್ಯಯನ ಬಂದಿದೆ. ಓದಿ ಸಮಾಧಾನವಾಯಿತು, ಹಬೆ ಹಿಡಿದು ಮುಖ ಸುಟ್ಟುಕೊಂಡವಳು ನಾನೊಬ್ಬಳೇ ಅಲ್ಲ ಅಂತ. ಒಂದು ಖಾಸಗಿ ಆಸ್ಪತ್ರೆಯಲ್ಲಂತೂ ನಾನು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಎಂಆರ್‌ಐಗೆ ಬರೆದಾಗಿತ್ತು. ರಿಪೋರ್ಟ್ ನಾರ್ಮಲ್ ಬಂತು. ಅದನ್ನು ತಂದು ತೋರಿಸಿದಾಗ "ನೋಡಿ, ಏನೂ ಇಲ್ಲ" ಅಂದರು. ಅಷ್ಟು ದುಡ್ಡು ಕೊಟ್ಟು ಏನೂ ಇಲ್ಲ ಅನ್ನಿಸಿಕೊಂಡು ಬಂದೆ. ಮನೆಯಲ್ಲೂ ಆ ರಿಪೋರ್ಟ್ ನನ್ನ ವಿರುದ್ಧ ಸಾಕ್ಷಿಯಾಯಿತು. ಮತ್ತೆ ನೋವು ಬಂದಾಗ ಅತ್ತೆಯವರು "ಸ್ಕ್ಯಾನಿಂಗಲ್ಲೇ ಏನೂ ಇಲ್ಲ ಅಂದ್ರಲ್ಲ" ಅಂದರು.

ಮೈಗ್ರೇನ್ ಸ್ಕ್ಯಾನಿಂಗ್‌ನಲ್ಲಿ ಕಾಣುವ ಕಾಯಿಲೆ ಅಲ್ಲ. ಬೇರೇನೋ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಸ್ಕ್ಯಾನ್ ಬೇಕಾಗಬಹುದು. ತಟ್ಟನೆ ಸಿಡಿಲು ಬಡಿದ ಹಾಗೆ ಬಂದ ನೋವು, ಕೈಕಾಲು ಸೋಲುವುದು, ಜ್ವರದ ಜೊತೆ ಕುತ್ತಿಗೆ ಸೆಟೆಯುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ಇವು ಯಾವುದಾದರೂ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ ಮೈಗ್ರೇನ್‌ಗೆ ಇರುವ ಪರೀಕ್ಷೆ ಒಂದೇ. ಎದುರಿಗೆ ಕೂತವರನ್ನು ಕೇಳುವುದು, ಅವರು ಹೇಳುವಷ್ಟು ಹೊತ್ತು ಕೇಳಿಸಿಕೊಳ್ಳುವುದು. ಓಪಿಡಿಯಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಸಿಗುವ ಊರಿನಲ್ಲಿ ಎಲ್ಲಕ್ಕಿಂತ ದುಬಾರಿ ಪರೀಕ್ಷೆ ಇದೇ ಅಲ್ವಾ?

ನನಗೆ ಆ ಪರೀಕ್ಷೆ ಆಗಿದ್ದು ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಬೆಳಗಿನ ಜಾವದ ರೈಲು ಹಿಡಿದು ಹೋಗಿ, ಸರದಿಯಲ್ಲಿ ನಿಂತು, ಮಧ್ಯಾಹ್ನದ ಹೊತ್ತಿಗೆ ಒಳಗೆ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನನ್ನ ಎಂಆರ್‌ಐ ಕವರನ್ನು ಪಕ್ಕಕ್ಕಿಟ್ಟು, "ನೋವು ಬಂದಾಗ ನೀವು ಏನು ಮಾಡ್ತೀರಿ?" ಅಂತ ಕೇಳಿದರು. ಎಲ್ಲಿ ನೋಯುತ್ತೆ ಅಂತ ಕೇಳಲಿಲ್ಲ, ಏನು ಮಾಡ್ತೀರಿ ಅಂದರು. ಕಿಟಕಿ ಮುಚ್ಚಿ ಮಲಗುತ್ತೇನೆ, ಮಿಕ್ಸಿ ಶಬ್ದ ತಡೆಯಲು ಆಗುವುದಿಲ್ಲ, ಒಗ್ಗರಣೆ ವಾಸನೆಗೆ ವಾಂತಿ ಬರುತ್ತದೆ, ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತದೆ ಅಂದೆ. ಅವರು ತಲೆ ಆಡಿಸುತ್ತಾ ಬರೆದುಕೊಂಡರು. ಮುಟ್ಟಿನ ದಿನಗಳ ಬಗ್ಗೆ ಕೇಳಿದರು. ಉಪವಾಸ, ನಿದ್ದೆ, ಬಿಸಿಲು, ಬಸ್ ಪ್ರಯಾಣ, ಎಲ್ಲ ಕೇಳಿದರು. "ತಲೆಗೆ ಸ್ನಾನ ಮಾಡಿದ ದಿನ ಬರುತ್ತಾ?" ಅಂದಾಗ ಮಾತ್ರ ನನಗೆ ಮೈ ಝುಂ ಅಂದಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆ ಅಂತ.

ನಗುವಂಥದ್ದೇನೂ ಇಲ್ಲವಂತೆ. ಮುಂಬೈಯ ತಲೆನೋವು ತಜ್ಞ ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ಬಗ್ಗೆ 2006ರಲ್ಲಿ ಒಂದು ವಿದೇಶಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಉದ್ದ ಕೂದಲು, ಒದ್ದೆ ಜಡೆ ನಮ್ಮ ಕಡೆಯ ಸಂಗತಿ, ನಮ್ಮವರೇ ಗಮನಿಸಬೇಕಿತ್ತು. ಈ ಲೆಕ್ಕದಲ್ಲಿ ವರಮಹಾಲಕ್ಷ್ಮಿ ಹಬ್ಬ ನನ್ನ ತಲೆಗೆಂದೇ ಹೇಳಿ ಮಾಡಿಸಿದ ಹಾಗಿದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಅಲಂಕಾರ, ಬೆಳಿಗ್ಗೆ ತಲೆಗೆ ನೀರು, ಒದ್ದೆ ಕೂದಲಿಗೆ ಗಂಟು, ಪೂಜೆ ಮುಗಿಯುವವರೆಗೆ ಹೊಟ್ಟೆಗಿಲ್ಲ, ಮುಚ್ಚಿದ ಕೋಣೆಯಲ್ಲಿ ಊದುಬತ್ತಿ, ಧೂಪ, ಸಂಪಿಗೆ. ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಿಗೆ ನಾನು ಕಂಡಿದ್ದು ಕಡಿಮೆ. ಈಗ ತಲೆಸ್ನಾನ ಹಿಂದಿನ ದಿನವೇ ಮಾಡಿ ಕೂದಲು ಪೂರ್ತಿ ಒಣಗಿಸುತ್ತೇನೆ, ಹಬ್ಬದ ಬೆಳಿಗ್ಗೆ ಹಾಲು ಬಾಳೆಹಣ್ಣು ತೆಗೆದುಕೊಳ್ಳುತ್ತೇನೆ. ಲಕ್ಷ್ಮಿಯ ತಕರಾರು ಇಲ್ಲ, ಅತ್ತೆಯವರದ್ದು ಸ್ವಲ್ಪ ಇದೆ.

ಕೊನೆಗೆ ಡಾಕ್ಟರಮ್ಮ "ಮನೆಯಲ್ಲಿ ಬೇರೆ ಯಾರಿಗಾದರೂ ಈ ಥರ ತಲೆನೋವು ಇದೆಯಾ?" ಅಂದರು. ಇಲ್ಲ ಮೇಡಂ, ನಮ್ಮಮ್ಮನಿಗೆ ಪಿತ್ತ ಇತ್ತು ಅಷ್ಟೆ, ಅಂದೆ.

"ಆ ಪಿತ್ತ ಹೇಗಿರುತ್ತಿತ್ತು, ಹೇಳಿ."

ಹೇಳುತ್ತಾ ಹೋದೆ. ಹಳ್ಳಿಯ ಮನೆಯ ಉಗ್ರಾಣದಲ್ಲಿ ಅಮ್ಮ ಒದ್ದೆ ಟವೆಲ್ ಬಿಗಿಯಾಗಿ ತಲೆಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಹಣೆಗೆ ಶುಂಠಿ ತೇದು ಹಚ್ಚಿರುತ್ತಿದ್ದಳು. ಹಳದಿ ಪಿತ್ತ ವಾಂತಿಯಾದ ಮೇಲೆ ಸ್ವಲ್ಪ ಹಗುರ. ಒಂದೇ ಕಡೆ ನೋವು. ತಿಂಗಳಿಗೆ ತಪ್ಪದೆ. ಹೇಳುತ್ತಿದ್ದಂತೆ ನನಗೇ ಅರ್ಥವಾಯಿತು, ಡಾಕ್ಟರಮ್ಮ ಏನೂ ಅನ್ನಬೇಕಾಗಿರಲಿಲ್ಲ. "ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ" ಅಂದರು.

ಅಮ್ಮನಿಗೆ ಮುಟ್ಟು ನಿಂತ ಮೇಲೆ ಆ ಜೋರು ನೋವು ಕಡಿಮೆಯಾಗಿತ್ತು. ಆದರೆ ಮಂದವಾದ ತಲೆನೋವು ದಿನಾ ಇರುತ್ತಿತ್ತು. ಅದಕ್ಕೆ ಪೆಟ್ಟಿಗೆ ಅಂಗಡಿಯಿಂದ ಮಾತ್ರೆ ತರಿಸಿ, ಬೆಳಿಗ್ಗೆ ಕಾಫಿ ಜೊತೆ ನುಂಗುವುದು ಅವಳ ಅಭ್ಯಾಸ. ಮುಂದಿನ ಸಲ ಅವಳನ್ನು ಕರೆದುಕೊಂಡು ಹೋದಾಗ ಡಾಕ್ಟರಮ್ಮ ವಿವರಿಸಿದರು. ಮಾಮೂಲಿ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧಿ ಬೆರೆತ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿಸಿದರೆ ಆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತದೆ. ಬಿಟ್ಟರೆ ಮೊದಲು ಕೆಲವು ದಿನ ನೋವು ಜಾಸ್ತಿ, ಆಮೇಲೆ ಇಳಿಯುತ್ತದೆ. ಅಮ್ಮ ಬಿಟ್ಟಳು, ಒದ್ದಾಡಿದಳು, ಇಳಿಯಿತು. ಡಾಕ್ಟರಮ್ಮನನ್ನು ನೋಡಿದ ದಿನ, ವಾಪಸ್ ರೈಲಿನಲ್ಲಿ ಅವಳು ಹೇಳಿದ್ದು ಒಂದೇ ಮಾತು. "ಅವತ್ತೇ ಯಾರಾದ್ರೂ ಹಿಂಗಂತ ಹೇಳಿದ್ರೆ, ನಿಮ್ಮಜ್ಜಿ ಬಾಯಲ್ಲಿ ಕೆಲಸಗಳ್ಳಿ ಅನ್ನಿಸಿಕೊಳ್ಳೋದು ತಪ್ತಿತ್ತು ಕಣೇ."

ಔಷಧಿ ವಿಷಯಕ್ಕೆ ಬಂದರೆ, ಎರಡು ಥರ. ನೋವು ಬಂದಾಗ ತೆಗೆದುಕೊಳ್ಳುವುದು, ಬರದಂತೆ ತಡೆಯಲು ದಿನಾ ತೆಗೆದುಕೊಳ್ಳುವುದು. ಸುಮಟ್ರಿಪ್ಟಾನ್ ಮಾತ್ರೆಯನ್ನು ನೋವು ಶುರುವಾದ ಕೂಡಲೇ ನುಂಗಬೇಕು. ತಡಮಾಡಿದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ಮೈಗ್ರೇನ್ ಬಂದಾಗ ಹೊಟ್ಟೆಯೂ ಮಂದವಾಗಿ ಮಾತ್ರೆ ಅಲ್ಲೇ ಉಳಿಯುತ್ತದೆ. ಹೃದಯದ ತೊಂದರೆ ಇರುವವರಿಗೆ ಇದನ್ನು ಕೊಡುವುದಿಲ್ಲ. ತಡೆಯುವ ಮಾತ್ರೆಗಳು ಹೆಚ್ಚಿನವು ಬೇರೆ ಕಾಯಿಲೆಯಿಂದ ಸಾಲ ತಂದವು. ಪ್ರೊಪ್ರನೊಲಾಲ್ ಬಿಪಿಯದು, ಟೊಪಿರಮೇಟ್ ಫಿಟ್ಸ್‌ದು, ಅಮಿಟ್ರಿಪ್ಟಿಲಿನ್ ಖಿನ್ನತೆಯದು. ನನಗೆ ಕೊಟ್ಟಿದ್ದು ಕೊನೆಯದು, ರಾತ್ರಿ ಒಂದು ಚಿಕ್ಕ ಡೋಸ್. ನಮ್ಮೂರ ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, ನಾಲ್ಕು ಜನರ ಎದುರಿಗೆ, "ಇದು ಡಿಪ್ರೆಶನ್ ಮಾತ್ರೆ ಅಲ್ವಾ ಮೇಡಂ?" ಅಂದ. ಸಂಜೆಯೊಳಗೆ ಸಂಘದಲ್ಲಿ ಎಲ್ಲರೂ ನನ್ನ ಜೊತೆ ಮೆತ್ತಗೆ ಮಾತಾಡತೊಡಗಿದರು. ಒಂದು ವಾರ ಯಾರೂ ನನಗೆ ಜಾಸ್ತಿ ಕೆಲಸ ಕೊಡಲಿಲ್ಲ, ಅದನ್ನೂ ಹೇಳಬೇಕು. ಮೈಗ್ರೇನ್‌ಗೆಂದೇ ತಯಾರಿಸಿದ ಚುಚ್ಚುಮದ್ದು ಬಂದಿದೆ, ತಿಂಗಳಿಗೊಂದು. ಅಂಥ ಎರೆನುಮ್ಯಾಬ್‌ಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಕೇಳಿ ಸುಮ್ಮನಾದೆ.

ಮಾತ್ರೆಯಿಂದ ನೋವು ನಿಂತಿಲ್ಲ, ಬರುವುದು ಕಡಿಮೆಯಾಗಿದೆ. ಬೆಳಿಗ್ಗೆ ಬಾಯಿ ಒಣಗುತ್ತದೆ, ಸ್ವಲ್ಪ ದಪ್ಪ ಆಗಿದ್ದೇನೆ. ಇದನ್ನೂ ಮೊದಲೇ ಹೇಳಿ ಕಳಿಸಿದ್ದರು, ಅದಕ್ಕೇ ಮಾತ್ರೆ ಬಿಡದೆ ಉಳಿದೆ ಅನ್ನಿಸುತ್ತದೆ.

ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದಾಗ, 18ರಿಂದ 65 ವಯಸ್ಸಿನವರಲ್ಲಿ ಒಂದು ವರ್ಷದೊಳಗೆ ಮೈಗ್ರೇನ್ ಬಂದಿದ್ದವರು 25.2%. ಅಂದರೆ ನಾಲ್ಕರಲ್ಲಿ ಒಬ್ಬರು. ನಮ್ಮ ಸಂಘದಲ್ಲಿ ಲೆಕ್ಕ ಹಾಕಿದರೆ ನಾನಲ್ಲದೆ ಇನ್ನೂ ಒಬ್ಬರೋ ಇಬ್ಬರೋ ಇರಬೇಕು. ಯಾರೂ ಬಾಯಿ ಬಿಟ್ಟಿಲ್ಲ. 2022ರಲ್ಲಿ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯದ ಯೋಜನೆಯೊಂದನ್ನು ಶುರು ಮಾಡಿದಾಗ, ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಯ ಜೊತೆ ತಲೆನೋವನ್ನೂ ಸೇರಿಸಿದರು. ಮೊದಲಿಗೆ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರದಲ್ಲಿ. ತಲೆನೋವಿಗೂ ಅಂತ ಒಂದು ಜಾಗ ಸಿಕ್ಕಿತಲ್ಲ ಅಂತ ಖುಷಿಯಾಯಿತು. ಆದರೆ ಅಂಥ ಕಡೆ ಕಾಯುವ ಜಾಗದ ಲೈಟು ಸ್ವಲ್ಪ ಮಂದ ಮಾಡಿ, ಫಿನಾಯಿಲ್ ಬೇರೆ ಹೊತ್ತಿನಲ್ಲಿ ಹಾಕಿದರೆ, ನೋವಿನ ದಿನವೂ ಯಾರಾದರೂ ಬಂದಾರು.

ಲೈಟಿನ ವಿಷಯ ಬಂತಲ್ಲ. ಸಂಘದಲ್ಲಿ ನನ್ನ ಮೇಜಿನ ನೇರ ಮೇಲೆ ಮಿಣುಕುವ ಹಳೇ ಟ್ಯೂಬ್‌ಲೈಟ್ ಒಂದಿದೆ. ಅದನ್ನು ಬದಲಾಯಿಸಿ ಅಂತ ಕಾರ್ಯದರ್ಶಿಯವರನ್ನು ಕೇಳಿದೆ. "ತಲೆನೋವು ಅಂದವರಿಗೆಲ್ಲ ಲೈಟ್ ತೆಗೆಸಿದ್ರೆ ಸಂಘ ಕತ್ತಲಾಗುತ್ತೆ ಮೇಡಂ" ಅಂತ ನಕ್ಕರು. ಬರವಣಿಗೆಯಲ್ಲಿ ಕೊಡಿ, ಡಾಕ್ಟರ್ ಸರ್ಟಿಫಿಕೇಟ್ ಲಗತ್ತಿಸಿ ಅಂದರು. ಲಗತ್ತಿಸಿದ್ದೇನೆ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ, ಕೊಬ್ಬರಿ ಗೋದಾಮಿನ ಬಾಡಿಗೆ ವಿಷಯ ಮುಗಿದ ಮೇಲೆ, ಟ್ಯೂಬ್‌ಲೈಟ್ ಚರ್ಚೆಗೆ ಬರುತ್ತದಂತೆ.