ಸಲಾಯಿನ್ ನಳಿಗೆಯಲ್ಲಿ ಏರಿದ ಸಮುದ್ರ

ನರಗುಂದ ತಾಲ್ಲೂಕಿನ ಮಲಪ್ರಭಾ ದಂಡೆಯ ಶಾಲೆಯೊಂದರಲ್ಲಿ ಆ ದಿನ ತೋರಿಸಬೇಕಿದ್ದದ್ದು ಒಂದೇ: ಹಿಮ ಕರಗದಿದ್ದರೂ ನೀರು ಕಾದು ಹಿಗ್ಗಿ ಸಮುದ್ರ ಏರುತ್ತದೆ. ಬೇಕಾದದ್ದು 200 ಮಿಲಿಯ ಗಾಜಿನ ಟಾನಿಕ್ ಬಾಟ್ಲಿ, 3 ಮಿಮೀ ಒಳವ್ಯಾಸದ ಸಲಾಯಿನ್ ನಳಿಗೆ, ಎಂಸೀಲ್, ಸ್ಕೇಲು, ಒಂದು ಬಕೆಟ್ ಬಿಸಿನೀರು. ಪ್ಲಾಸ್ಟಿಕ್ ಬಾಟ್ಲಿ ಬೇಡ, ಬಿಸಿಗೆ ಮೆತ್ತಗಾಗಿ ಲೆಕ್ಕ ಕೆಡಿಸುತ್ತದೆ.

ಮುಚ್ಚಳಕ್ಕೆ ತೂತು ಹಾಕಿ, ನಳಿಗೆ ತೂರಿಸಿ, ಸುತ್ತ ಎಂಸೀಲ್ ಮೆತ್ತಿ ಹಿಂದಿನ ರಾತ್ರಿಯೇ ಒಣಗಲು ಬಿಟ್ಟಿರಬೇಕು. ಅವಸರ ಮಾಡಿದರೆ ನೀರು ನಳಿಗೆಗೆ ಏರದೆ ಸಂದಿಯಲ್ಲಿ ಜಿನುಗುತ್ತದೆ. ತುಂಬುವ ನೀರು ಕುದಿಸಿ ಆರಿಸಿದ್ದಿರಲಿ. ಹಸಿ ನೀರಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಏಳುತ್ತದೆ. ಗಾಳಿ ಹಿಗ್ಗುವುದು ನೀರಿನ ಹೆಚ್ಚುಕಡಿಮೆ ಹತ್ತು ಪಟ್ಟು, ಪ್ರಯೋಗವೇ ಸುಳ್ಳಾದೀತು.

ಬಾಟ್ಲಿ ಬಕೆಟ್ಟಿಗೆ ಇಳಿದ ಕೂಡಲೇ ನಳಿಗೆಯ ನೀರು ತುಸು ಕೆಳಗಿಳಿಯಿತು. “ಸರ, ಇಳೀತ್ರೀ!” ಎಂದು ಮಕ್ಕಳು ನಕ್ಕರು. ಕಾವು ಮೊದಲು ತಗಲುವುದು ಗಾಜಿಗೆ, ಅದು ಹಿಗ್ಗಿ ಒಳಗೆ ಜಾಗ ಹೆಚ್ಚುತ್ತದೆ. ಸ್ವಲ್ಪ ತಾಳಿದರೆ ನೀರಿನ ಸರದಿ. 25 ಡಿಗ್ರಿಯಿಂದ 45ಕ್ಕೆ ಮುಟ್ಟುವಾಗ ಏರಿಕೆ ಸುಮಾರು 18 ಸೆಂಮೀ, ಒಂದು ಗೇಣು. 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ, ಹಿಮ ಕರಗಿದ್ದೂ ಸೇರಿ, ಏರಿದ್ದೂ ಸುಮಾರು 20 ಸೆಂಮೀ. ಇದು ಕಾಕತಾಳೀಯ, ನಳಿಗೆ ದಪ್ಪವಿದ್ದಿದ್ದರೆ ಗೇಣಿರಲಿ, ಬೆರಳುದ್ದವೂ ಏರುತ್ತಿರಲಿಲ್ಲ. ಆದರೂ ಮಕ್ಕಳ ತಲೆಯಲ್ಲಿ ಉಳಿಯಲು ಗೇಣೇ ಒಳ್ಳೆಯದು. ಸಮುದ್ರ ಕಾಯುವುದು ಡಿಗ್ರಿಯ ಚೂರುಪಾರಿನಷ್ಟು, ಆಳ ಮಾತ್ರ ಕಿಲೋಮೀಟರುಗಟ್ಟಲೆ, ಹಾಗಾಗಿ ಚೂರು ಹಿಗ್ಗಿದರೂ ಮಟ್ಟ ಏರುತ್ತದೆ. ಭೂಮಿಯಲ್ಲಿ ಕೂಡಿಬಿದ್ದ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ ಸುಮಾರು 90 ಪಾಲು ಅದರ ಹೊಟ್ಟೆ ಸೇರಿದೆ.

“ನಮ್ಮೂರಿಗೆ ಸಮುದ್ರ ಎಲ್ಲೈತ್ರಿ?” ಎಂದಳು ಹುಡುಗಿಯೊಬ್ಬಳು. ಖರೆ. ಆದರೆ ಖಾನಾಪುರದ ಘಟ್ಟದ ಮೇಲೆ ಸುರಿದು ಮಲಪ್ರಭೆಯಾಗುವ ಮಳೆಯ ಆವಿ ಬಹುಪಾಲು ಅರಬ್ಬಿ ಸಮುದ್ರದ ಕಡೆಯಿಂದ ಬರುವಂಥದ್ದು. ಗಾಳಿ ಒಂದು ಡಿಗ್ರಿ ಕಾದರೆ ಸುಮಾರು 7 ಪ್ರತಿಶತ ಹೆಚ್ಚು ಆವಿ ಹಿಡಿದೀತು. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟು ತುಂಬಿ ಗೇಟು ತೆರೆದಾಗ ದಂಡೆಯ ಊರುಗಳಾದ ಕೊಣ್ಣೂರು, ಲಖಮಾಪುರ ನೀರಲ್ಲಿ ನಿಂತವು. ಆ ಒಂದು ನೆರೆಯನ್ನು ಪೂರ್ತಿ ಹವಾಮಾನ ಬದಲಾವಣೆಯ ಹೆಗಲಿಗೆ ಹೊರಿಸಲಾಗದು. ಅಂಥ ಮಳೆಯ ಸಾಧ್ಯತೆ ಹೆಚ್ಚುತ್ತಿದೆ ಎನ್ನಬಹುದು, ಅಷ್ಟೇ.

ಒಡಿಶಾದ ಸತಭಾಯಾದಲ್ಲಿ ಸಮುದ್ರ ಊರನ್ನೇ ಕೊರೆದು ತಿಂದು, ಜನರನ್ನು ಬಾಗಪಾಟಿಯಾದ ಪುನರ್ವಸತಿ ಕಾಲೊನಿಗೆ ಕಳಿಸಬೇಕಾಯಿತು. ಇಲ್ಲಿ ಹೊಳೆ ವಾರದಲ್ಲಿ ಹಿಂದೆ ಸರಿಯುತ್ತದೆ. 2009ರ ನೆರೆಯ ನಂತರ ಎತ್ತರದಲ್ಲಿ ಸಂತ್ರಸ್ತರಿಗಾಗಿ ಸರ್ಕಾರದ ‘ಆಸರೆ’ ಯೋಜನೆಯ ಮನೆಗಳು ಎದ್ದರೂ ಹಲವರು ಹಳೆ ಊರು ಬಿಡಲಿಲ್ಲ. ಕಾರಣವನ್ನು ಆ ಹುಡುಗಿಯೇ ಹೇಳಿದಳು: “ಅಲ್ಲಿ ಎತ್ತು ಕಟ್ಟಾಕ ಜಾಗಾ ಇಲ್ರಿ. ಹೊಲಾನೂ ದೂರ ಆಗತೈತಿ.”